ಮುಟ್ಟದ ಫೈಲ್‌ಗಳು ಎಲ್ಲಿಗೆ ಹೋಗುತ್ತವೆ?

"ಹಳೆಯ ಫೈಲ್‌ಗಳು ತಾವಾಗಿಯೇ ಅಗ್ಗದ ಜಾಗಕ್ಕೆ ಹೋಗುತ್ತವೆ, ನೀವು ಏನೂ ಮಾಡಬೇಕಾಗಿಲ್ಲ" ಎಂಬ ಮಾತನ್ನು ನಂಬಿ ಕ್ಲೌಡ್‌ಗೆ, ಅಂದರೆ ಇಂಟರ್‌ನೆಟ್ ಮೂಲಕ ಫೈಲ್ ಇಡುವ ಬಾಡಿಗೆ ಜಾಗಕ್ಕೆ, ಹೋದವರು ಹುಬ್ಬಳ್ಳಿ, ಧಾರವಾಡ, ಗದಗಗಳಲ್ಲಿ ಈಗ ಸಾಕಷ್ಟಿದ್ದಾರೆ. ಮದುವೆ ವಿಡಿಯೊ ಮಾಡುವ ಸ್ಟುಡಿಯೊದವರು, ಪ್ರಕಾಶಕರು, ಪ್ರೆಸ್‌ನವರು. ಆದರೆ ಅವರ ದೂರುಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಒಬ್ಬರ ಬಿಲ್ ಇಳಿದೇ ಇಲ್ಲ. ಇನ್ನೊಬ್ಬರ ಬಿಲ್ ಇಳಿದು, ಒಂದೇ ತಿಂಗಳಲ್ಲಿ ಹಲವು ಪಟ್ಟು ಏರಿದೆ. ಮತ್ತೊಬ್ಬರ ಫೈಲ್ ಪಟ್ಟಿಯಲ್ಲಿ ಕಾಣುತ್ತದೆ, ತೆರೆಯಲು ಹೋದರೆ ಬರುವುದಿಲ್ಲ. ಮೂವರೂ ಹೇಳುತ್ತಿರುವುದು ನಿಜ. ಏಕೆ ಹೀಗೆ ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ವಿಚಾರ ಹೊಸದೇನಲ್ಲ. ಡಿಸ್ಕ್ ದುಬಾರಿ, ಟೇಪ್ ಅಗ್ಗ ಎಂದಿದ್ದ 1970ರ ದಶಕದಲ್ಲೇ ಐಬಿಎಂನ ದೊಡ್ಡ ಕಂಪ್ಯೂಟರ್‌ಗಳು ಬಳಕೆಯಿಲ್ಲದ ಮಾಹಿತಿಯನ್ನು ತಾವೇ ಟೇಪ್‌ಗೆ ಇಳಿಸುತ್ತಿದ್ದವು. ಮುಂದಿನ ಮೂವತ್ತು ವರ್ಷ ಅದು ಬ್ಯಾಂಕು, ವಿಮಾನಯಾನ, ಸಂಶೋಧನಾಲಯಗಳ ಸೌಲಭ್ಯವಾಗಿಯೇ ಉಳಿಯಿತು. ನಮ್ಮ ಪ್ರೆಸ್‌ಗಳಲ್ಲಿ ಆಗ ನೆಗೆಟಿವ್‌ಗಳು ಲಕೋಟೆ ಸೇರಿ ಅಟ್ಟದ ಮೇಲಿದ್ದವು. ನಂತರ ಸಿಡಿ, ಡಿವಿಡಿ, ಆಮೇಲೆ ಮೇಜಿನ ಖಾನೆ ತುಂಬ ಹಾರ್ಡ್ ಡಿಸ್ಕ್.

2006ರ ಮಾರ್ಚ್‌ನಲ್ಲಿ ಅಮೆಜಾನ್ ಫೈಲ್ ಇಡುವ ತನ್ನ ಎಸ್3 ಸೇವೆಯನ್ನು ತೆರೆದಾಗ ದರ ಒಂದು ಜಿಬಿಗೆ ತಿಂಗಳಿಗೆ 15 ಸೆಂಟ್. ಎಲ್ಲ ಫೈಲಿಗೂ ಒಂದೇ ದರ, ಯಾವುದನ್ನು ಬೇಕಾದರೂ ಯಾವಾಗ ಬೇಕಾದರೂ ತೆಗೆಯಬಹುದಿತ್ತು. ಗೊಂದಲ ಶುರುವಾದದ್ದು 2012ರಲ್ಲಿ. ಆ ಆಗಸ್ಟ್‌ನಲ್ಲಿ ಬಂದ ಗ್ಲೇಸಿಯರ್ ಎಂಬ ಅಮೆಜಾನ್‌ನದೇ ಅಗ್ಗದ ಸೇವೆಯ ದರ ಜಿಬಿಗೆ ತಿಂಗಳಿಗೆ 1 ಸೆಂಟ್, ಆದರೆ ಫೈಲ್ ಕೇಳಿದ ಮೇಲೆ 3ರಿಂದ 5 ಗಂಟೆ ಕಾಯಬೇಕು. ನಮ್ಮ ಕಡೆಯ ಹಿರಿಯರಿಗೆ ಇದು ಹಗೇವು ಎಂದರೆ ಸಾಕು. ನೆಲದಡಿಯ ಹಗೇವಿಗೆ ಜೋಳ ತುಂಬಿ ಬಾಯಿ ಮುಚ್ಚಿದರೆ ವರ್ಷಗಟ್ಟಲೆ ಕೆಡುವುದಿಲ್ಲ. ಆದರೆ ಬೇಕೆಂದಾಗ ಹೋಗಿ ಮೊಗೆದು ತರುವಂತಿಲ್ಲ. ಬಾಯಿ ತೆಗೆದು, ಒಳಗಿನ ಕೆಟ್ಟ ಗಾಳಿ ಹೋಗುವವರೆಗೆ ಕಾದು, ಆಮೇಲೆ ಇಳಿಯಬೇಕು. ಯಾವ ಕಾಳು ಹಗೇವಿಗೆ, ಯಾವುದು ಅಡುಗೆಮನೆಗೆ ಎಂಬುದನ್ನು ಮಾತ್ರ ಮನೆಯವರೇ ನಿರ್ಧರಿಸುತ್ತಿದ್ದರು.

ಈ ನಿರ್ಧಾರ ಮನೆಯವರ ಕೈತಪ್ಪಿದ್ದು ಅದೇ ವರ್ಷದ ನವೆಂಬರ್‌ನಲ್ಲಿ ಎಂಬುದು ನನ್ನ ಎಣಿಕೆ. ಇಷ್ಟು ದಿನ ಕಳೆದ ಫೈಲನ್ನು ಗ್ಲೇಸಿಯರ್‌ಗೆ ಸಾಗಿಸು ಎಂಬ ನಿಯಮವನ್ನು ಒಮ್ಮೆ ಬರೆದಿಟ್ಟರೆ ಸಾಕು ಎಂಬ ಏರ್ಪಾಡು ಆಗ ಬಂತು. ಬಹಳ ಜನ ಇಂದಿಗೂ ಗಮನಿಸದ ಸಂಗತಿ ಇಲ್ಲಿದೆ: ಈ ನಿಯಮ ದಿನ ಎಣಿಸುವುದು ಫೈಲ್ ಕ್ಲೌಡ್ ಸೇರಿದ ದಿನದಿಂದ, ಕೊನೆಯ ಬಾರಿ ತೆರೆದ ದಿನದಿಂದಲ್ಲ. ನೀವು ನಿನ್ನೆ ತೆರೆದಿದ್ದರೂ, 90 ದಿನ ಎಂದು ಬರೆದಿದ್ದರೆ ತೊಂಬತ್ತು ಕಳೆದ ಮೇಲೆ ಅದು ಹೋಗುತ್ತದೆ. ಹೆಸರು ಪಟ್ಟಿಯಲ್ಲೇ ಉಳಿಯುತ್ತದೆ, ತೆರೆಯಲು ಮಾತ್ರ ಕೇಳಿ ಕಾಯಬೇಕು.

ಗದಗಿನಲ್ಲಿ ಇದರ ಫಲ ಎದ್ದು ಕಾಣುತ್ತದೆ. ಊರು ಕ್ಯಾಲೆಂಡರ್, ಪಂಚಾಂಗ, ಶಾಲಾ ಪುಸ್ತಕಗಳ ಮುದ್ರಣಕ್ಕೆ ಹೆಸರಾದದ್ದು. ಕ್ಯಾಲೆಂಡರಿನ ವಿನ್ಯಾಸ ಹತ್ತು ತಿಂಗಳು ಯಾರಿಗೂ ಬೇಡ. ಹಬ್ಬಗಳ ಸಾಲು ಶುರುವಾಗುವ ಹೊತ್ತಿಗೆ ಹಿಂದಿನ ವರ್ಷದ ಹನ್ನೆರಡೂ ಪುಟ ಒಟ್ಟಿಗೆ ಬೇಕು. ತಿಥಿ, ನಕ್ಷತ್ರ ಬದಲಿಸಿ, ಅಂಗಡಿಯ ಹೆಸರು ಕೂರಿಸಿ ಪ್ರೂಫ್ ತೆಗೆಯಬೇಕು. ಕೋರೆಲ್‌ಡ್ರಾ ಎಂಬ ವಿನ್ಯಾಸ ತಂತ್ರಾಂಶದ ಫೈಲ್ ಬಂದರೂ ಅದಕ್ಕೆ ಬಳಸಿದ ಹಳೆಯ ಶ್ರೀಲಿಪಿ ಅಕ್ಷರಗಳ ಫಾಂಟ್ ಇನ್ನೊಂದು ಫೋಲ್ಡರ್‌ನಲ್ಲಿದ್ದು ಗ್ಲೇಸಿಯರ್ ಸೇರಿದ್ದರೆ ಪರದೆಯ ಮೇಲೆ ಬರಿಯ ಚಿಹ್ನೆಗಳು. ಗಿರಾಕಿ ಎದುರು ಕುಳಿತಿರುತ್ತಾನೆ. ಬಳಸದಿರುವುದು ಬೇರೆ, ಬೇಡವಾಗಿರುವುದು ಬೇರೆ. ದಿನ ಎಣಿಸುವ ಯಂತ್ರಕ್ಕೆ ಆ ವ್ಯತ್ಯಾಸ ತಿಳಿಯುವ ದಾರಿಯೇ ಇಲ್ಲ.

ಅವಸರದಲ್ಲಿ ತೆಗೆದವರಿಗೆ ಆ ಮೊದಲ ವರ್ಷಗಳ ದರಪಟ್ಟಿ ಕಠಿಣವಾಗಿತ್ತು. ಅತಿ ವೇಗವಾಗಿ ಇಳಿಸಿಕೊಂಡ ಒಂದು ಗಂಟೆಯ ಪ್ರಮಾಣವನ್ನು ಹಿಡಿದು ಇಡೀ ತಿಂಗಳ ಶುಲ್ಕ ಕಟ್ಟುವ ಲೆಕ್ಕವದು. ಓದಿದವರಿಗೂ ಅರ್ಥವಾಗುತ್ತಿರಲಿಲ್ಲ. 2016ರ ಕೊನೆಗೆ ಅದನ್ನು ಸರಳಗೊಳಿಸಿ, ಬೇಗ, ಸಾಮಾನ್ಯ, ನಿಧಾನ ಎಂದು ಮೂರು ದರಗಳನ್ನು ಇಟ್ಟರು. ಅಷ್ಟರಲ್ಲಿ ಗೂಗಲ್, ಮೈಕ್ರೋಸಾಫ್ಟ್ ಕೂಡ ತಮ್ಮ ತಮ್ಮ ಅಗ್ಗದ ಮೆಟ್ಟಿಲುಗಳನ್ನು ಕಟ್ಟುತ್ತಿದ್ದವು. ಹೆಸರುಗಳೂ ಷರತ್ತುಗಳೂ ಬೇರೆ ಬೇರೆಯಾದವು.

2018ರ ನವೆಂಬರ್‌ನಲ್ಲಿ ಅಮೆಜಾನ್, ಬಳಕೆಯನ್ನೇ ಗಮನಿಸಿ ಸಾಗಿಸುವ ಮತ್ತೊಂದು ಬಗೆಯನ್ನು ತಂದಿತು. 30 ದಿನ ತೆರೆಯದ ಫೈಲ್ ಕೆಳಗಿಳಿಯುತ್ತದೆ, ತೆರೆದರೆ ಮೇಲೆ ಬರುತ್ತದೆ, ತೆಗೆಯುವುದಕ್ಕೆ ಪ್ರತ್ಯೇಕ ಶುಲ್ಕವಿಲ್ಲ. ಒಳ್ಳೆಯ ಸುಧಾರಣೆಯೇ. ಆದರೆ ವಾರಕ್ಕೊಮ್ಮೆ ಪ್ರತಿ ಫೈಲನ್ನೂ ತೆರೆದು ನೋಡುವ ವೈರಸ್ ತಪಾಸಣೆಯ ತಂತ್ರಾಂಶವನ್ನು ಕಚೇರಿಯಲ್ಲಿ ಯಾರೋ ಹಾಕಿದ್ದರೆ ಎಲ್ಲ ಫೈಲೂ ಸದಾ ಬಳಕೆಯಲ್ಲಿರುವಂತೆ ಕಾಣುತ್ತವೆ. ಬಿಲ್ ಇಳಿಯದಿರಲು ಅಷ್ಟೇ ಸಾಕು.

2019ರ ಮಾರ್ಚ್‌ನಲ್ಲಿ ದರ ಪಾತಾಳಕ್ಕೆ ಇಳಿಯಿತು. ಅಮೆಜಾನ್‌ನ ಎಲ್ಲಕ್ಕಿಂತ ಅಗ್ಗದ ಜಾಗವಾದ ಡೀಪ್ ಆರ್ಕೈವ್‌ನಲ್ಲಿ ಒಂದು ಟಿಬಿ ಇಡಲು ಅಮೆರಿಕದ ದರದಲ್ಲಿ ತಿಂಗಳಿಗೆ ಸುಮಾರು 1 ಡಾಲರ್. ಸಾಮಾನ್ಯ ಜಾಗದಲ್ಲಿ ಅದೇ 23 ಡಾಲರ್. ಜಾಹೀರಾತಿನಲ್ಲಿ ದೊಡ್ಡದಾಗಿ ಕಾಣುವುದು ಈ ಅಂಕಿ. ಆ ಒಂದು ಟಿಬಿಯನ್ನು ಇಂಟರ್‌ನೆಟ್ ಮೂಲಕ ನಮ್ಮ ಕಂಪ್ಯೂಟರಿಗೆ ತರಿಸಿಕೊಳ್ಳಲು 80 ಡಾಲರಿಗೂ ಹೆಚ್ಚು ಬೇಕು ಎಂಬುದು ಇನ್ನೊಂದು ಪುಟದಲ್ಲಿರುತ್ತದೆ. ಆರು ವರ್ಷಕ್ಕೂ ಹೆಚ್ಚಿನ ಬಾಡಿಗೆ ಒಂದೇ ಸಲಕ್ಕೆ. ಕಾಯುವ ಸಮಯ 12 ಗಂಟೆ, ಅಗ್ಗದ ದಾರಿಯಲ್ಲಿ 48 ಗಂಟೆ. 180 ದಿನಕ್ಕೆ ಮೊದಲೇ ಅಳಿಸಿದರೂ ಉಳಿದ ದಿನಗಳ ಹಣ ಕೊಡಲೇಬೇಕು. ಎಲ್ಲವೂ ಬರೆದಿರುವ ಷರತ್ತುಗಳೇ, ಮುಚ್ಚಿಟ್ಟದ್ದಲ್ಲ. ಆದರೂ ಇಡುವ ದರವನ್ನೂ ತೆಗೆಯುವ ದರವನ್ನೂ ಅಕ್ಕಪಕ್ಕ ಬರೆದು ತೋರಿಸುವುದು ಗಿರಾಕಿಗೆ ಸಲ್ಲಬೇಕಾದ ಕನಿಷ್ಠ ಮರ್ಯಾದೆ.

ಚಿಕ್ಕ ಫೈಲ್‌ಗಳ ಸಂಕಟ ಬೇರೆ. ಮದುವೆ ಆಲ್ಬಮ್‌ಗಳ ಪುಟ್ಟ ಗಾತ್ರದ ಫೋಟೊಗಳು (ಥಂಬ್‌ನೇಲ್), ತಲಾ 50 ಕೆಬಿ, 10 ಲಕ್ಷ ಇವೆ ಎನ್ನೋಣ. ಒಟ್ಟು 50 ಜಿಬಿ. ಸಾಮಾನ್ಯ ಜಾಗದಲ್ಲೇ ಬಿಟ್ಟರೆ ತಿಂಗಳಿಗೆ ಒಂದು ಡಾಲರ್ ಚಿಲ್ಲರೆ. ಡೀಪ್ ಆರ್ಕೈವ್‌ಗೆ ಸಾಗಿಸಲು ಸಾವಿರ ಫೈಲಿಗೆ 5 ಸೆಂಟ್‌ನಂತೆ 50 ಡಾಲರ್. ಉಳಿಸಲು ಹೊರಟ ಹಣ ನಾಲ್ಕು ವರ್ಷವಾದರೂ ಕೈಗೆ ಮರಳುವುದಿಲ್ಲ. 128 ಕೆಬಿಗಿಂತ ಚಿಕ್ಕ ಫೈಲ್‌ಗಳನ್ನು ಗಿರಾಕಿ ಹೇಳದ ಹೊರತು ಸಾಗಿಸುವುದಿಲ್ಲ ಎಂದು ಅಮೆಜಾನ್ ತನ್ನ ನಿಯಮವನ್ನು ತಿದ್ದಿದ್ದು 2024ರ ಸೆಪ್ಟೆಂಬರ್‌ನಲ್ಲಿ. ಅದಕ್ಕೂ ಮೊದಲು ಬರೆದಿಟ್ಟ ನಿಯಮಗಳು ಹಳೆಯ ರೀತಿಯಲ್ಲೇ ಓಡುತ್ತಿರುತ್ತವೆ. ಅಂಥ ನಿಯಮ ಬರೆದಿಟ್ಟವರು ಒಮ್ಮೆ ಒಳಹೊಕ್ಕು ನೋಡಬೇಕು: ದಿನ ಎಷ್ಟು ಬರೆದಿದೆ, ಯಾವ ಫೋಲ್ಡರಿಗೆ ಬರೆದಿದೆ, ಫಾಂಟ್ ಇರುವ ಫೋಲ್ಡರ್ ಅದರಲ್ಲಿ ಸೇರಿದೆಯೇ ಎಂದು.