ಹ್ರಸ್ವ–ದೀರ್ಘ: ಯಾವ ಭಾಷೆಯಲ್ಲಿ ಎಷ್ಟು ಲೆಕ್ಕ?

ನಡು–ನಾಡು, ಬಿಡು–ಬೀಡು, ಹುಳು–ಹೂಳು, ಕೆಡು–ಕೇಡು, ಕೊಡು–ಕೋಡು. ಈ ಐದು ಜೋಡಿಗಳನ್ನು ಒಮ್ಮೆ ಜೋರಾಗಿ ಹೇಳಿ. ಪ್ರತಿ ಜೋಡಿಯಲ್ಲೂ ನಾಲಿಗೆ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ಇರುತ್ತದೆ. ಸ್ವರವನ್ನು ಎಷ್ಟು ಹೊತ್ತು ಎಳೆದಿರಿ ಅನ್ನುವುದರ ಮೇಲೆ ಅರ್ಥವೇ ಬದಲಾಗುತ್ತದೆ. ಹೀಗೆ ಉದ್ದದಿಂದಲೇ ಅರ್ಥ ಬೇರೆಯಾದರೆ ಆ ಭಾಷೆಯಲ್ಲಿ ಹ್ರಸ್ವ–ದೀರ್ಘ ಲೆಕ್ಕಕ್ಕೆ ಬರುತ್ತದೆ ಅಂತ ಅರ್ಥ. ಬೇರೆ ಭಾಷೆ ಕಲಿಯಲು ಕೂತಾಗ ಮೊದಲು ಕೇಳಬೇಕಾದ ಪ್ರಶ್ನೆಯೂ ಇದೇ: ಇಲ್ಲಿ ಉದ್ದ ಅರ್ಥ ಬದಲಿಸುತ್ತದಾ, ಇಲ್ಲವಾ?

ದೀರ್ಘ ಅಂದರೆ ಎಷ್ಟು ಸೆಕೆಂಡು ಅಂತ ಕೇಳಿದರೆ ಉತ್ತರ ಇಲ್ಲ. ಬಡಬಡ ಮಾತಾಡುವವರ ‘ಆ’, ನಿಧಾನವಾಗಿ ಮಾತಾಡುವವರ ‘ಅ’ಗಿಂತ ಚಿಕ್ಕದಾಗಿರಬಹುದು. ನಮ್ಮ ಕಿವಿ ಅದೇ ಮಾತಿನ ಅಕ್ಕಪಕ್ಕದ ಸ್ವರಗಳ ಜತೆ ಹೋಲಿಸಿ ನೋಡುತ್ತದೆ. ಹಳೆಯ ವೈಯಾಕರಣರು ಇದನ್ನು ಚೆನ್ನಾಗಿ ಹಿಡಿದಿದ್ದರು. ಅದಕ್ಕೇ ಅವರ ಅಳತೆ ‘ಮಾತ್ರೆ’: ಹ್ರಸ್ವಕ್ಕೆ 1, ದೀರ್ಘಕ್ಕೆ 2, ಪ್ಲುತಕ್ಕೆ 3. ಪಾಣಿನಿಯ ಹೆಸರಿನಲ್ಲಿರುವ ಶಿಕ್ಷಾ ಗ್ರಂಥದಲ್ಲಿ, ಅಂದರೆ ಉಚ್ಚಾರಣೆ ಕಲಿಸುವ ಗ್ರಂಥದಲ್ಲಿ, ಹಕ್ಕಿಗಳ ಕೂಗಿನಿಂದಲೇ ಇದನ್ನು ಹೇಳಿದೆ. ಚಾಷ ಪಕ್ಷಿ (ನೀಲಕಂಠ) ಕೂಗುವುದು ಒಂದು ಮಾತ್ರೆ, ಕಾಗೆ ಎರಡು, ನವಿಲು ಮೂರು. ಮುಂಗುಸಿಗೆ ಅರ್ಧ ಮಾತ್ರೆ! ಪ್ಲುತ ಪುಸ್ತಕದ ಬದನೆಕಾಯಿ ಅಂತ ಅಂದುಕೊಳ್ಳಬೇಡಿ. ದೂರದಲ್ಲಿರುವವರನ್ನು ಕರೆಯುವಾಗ ಕೊನೆಯ ಸ್ವರ ಪ್ಲುತ ಆಗುತ್ತದೆ ಅಂತ ಪಾಣಿನಿಯೇ ಹೇಳಿದ್ದಾನೆ. ಗದ್ದೆಯ ಆ ಕಡೆ ಇರುವ ಅಣ್ಣನನ್ನು ‘ಅಣ್ಣಾ...’ ಅಂತ ಕೂಗುವಾಗ ನಾವು ಮಾಡುವುದು ಅದನ್ನೇ.

ಈಗ ಎ–ಏ, ಒ–ಓ ವಿಷಯಕ್ಕೆ ಬರೋಣ. ನನಗೆ ಇದು ತುಂಬಾ ಇಷ್ಟವಾದ ಭಾಗ. ಸಂಸ್ಕೃತದಲ್ಲಿ ಹ್ರಸ್ವ ಎ, ಹ್ರಸ್ವ ಒ ಇಲ್ಲ. ಅಲ್ಲಿ ಏ, ಓ ಯಾವಾಗಲೂ ದೀರ್ಘ. ಆದ್ದರಿಂದ ಒಂದೊಂದೇ ಅಕ್ಷರ ಸಾಕಾಗಿತ್ತು. ಕನ್ನಡ, ತಮಿಳು, ತೆಲುಗು, ಮಲಯಾಳಂಗಳಿಗೆ ಸಾಕಾಗಲಿಲ್ಲ. ಬ್ರಾಹ್ಮಿಯಿಂದ ಬಂದ ಲಿಪಿಯಲ್ಲಿ ‘ಕೆಡು’ ಬೇರೆ, ‘ಕೇಡು’ ಬೇರೆ ಅಂತ ತೋರಿಸುವುದು ಹೇಗೆ? ಹಳೆಯ ಕನ್ನಡ ಶಾಸನಗಳಲ್ಲಿ ಸಾಮಾನ್ಯವಾಗಿ ಈ ವ್ಯತ್ಯಾಸವನ್ನು ಬರೆದೇ ಇಲ್ಲ. ಓದುವವರು ಸಂದರ್ಭ ನೋಡಿ ತಿಳಿದುಕೊಳ್ಳಬೇಕಿತ್ತು. ತಮಿಳಿನಲ್ಲಿ ಹ್ರಸ್ವ ಎ, ಒ ಮೇಲೆ ಒಂದು ಚುಕ್ಕಿ ಇಡಬೇಕು ಅಂತ ಹಳೆಯ ತಮಿಳು ವ್ಯಾಕರಣ ಗ್ರಂಥ ತೊಲ್ಕಾಪ್ಪಿಯಂ ಹೇಳುತ್ತದೆ. ಈಗಿನ ತಮಿಳು ಗುರುತುಗಳ ಸುಧಾರಣೆಯನ್ನು 18ನೇ ಶತಮಾನದಲ್ಲಿ ತಮಿಳುನಾಡಿನಲ್ಲಿದ್ದ ಇಟಲಿಯ ಪಾದ್ರಿ ಬೆಸ್ಕಿ, ಅಂದರೆ ವೀರಮಾಮುನಿವರ್, ಮಾಡಿದರು ಅನ್ನುವ ಮಾತು ರೂಢಿಯಲ್ಲಿದೆ. ನಮ್ಮ ಕಾಗುಣಿತವನ್ನೇ ನೋಡಿ. ‘ಕೆ’ ಬರೆದು ಪಕ್ಕದಲ್ಲಿ ಒಂದು ದೀರ್ಘ ಎಳೆದರೆ ‘ಕೇ’. ‘ಕೊ’ ಪಕ್ಕ ಅದೇ ದೀರ್ಘ ಎಳೆದರೆ ‘ಕೋ’. ಆದರೆ ‘ಕಾ’ಗೆ ಅದರದೇ ಗುರುತು ಇದೆ. ಹಿಂದಿ ಮಾತೃಭಾಷೆಯವರು ‘ಬೆಂಗಳೂರು’ ಅನ್ನುವಾಗ ‘ಬೇಂ’ ಅಂತ ಎಳೆಯುವುದಕ್ಕೂ ಕಾರಣ ಇದೇ. ಅವರ ವರ್ಣಮಾಲೆಯಲ್ಲಿ ಹ್ರಸ್ವ ಎಕಾರಕ್ಕೆ ಬೇರೆ ಅಕ್ಷರ ಇಲ್ಲ.

ಜಪಾನಿ ಕಲಿಯುವವರಿಗೆ ಒಂದು ಒಳ್ಳೆಯ ಸುದ್ದಿ. ನಮ್ಮ ಕಿವಿ ಆ ಭಾಷೆಗೆ ಆಗಲೇ ಅರ್ಧ ತಯಾರಾಗಿದೆ. ಅಲ್ಲಿ ‘ಒಬಸನ್’ ಅಂದರೆ ಅತ್ತೆ ಅಥವಾ ಚಿಕ್ಕಮ್ಮ, ‘ಒಬಾಸನ್’ ಅಂದರೆ ಅಜ್ಜಿ. ‘ಬಿರು’ ಅಂದರೆ ಕಟ್ಟಡ, ‘ಬೀರು’ ಅಂದರೆ ಕುಡಿಯುವ ಬಿಯರ್. ಅವರೂ ಪದವನ್ನು ಮಾತ್ರೆಯಂತಹ ತುಣುಕುಗಳಲ್ಲೇ ಎಣಿಸುತ್ತಾರೆ. ಅದಕ್ಕೆ ಭಾಷಾಶಾಸ್ತ್ರದಲ್ಲಿ ‘ಮೋರಾ’ ಅನ್ನುತ್ತಾರೆ. ಟೋಕ್ಯೋ ಅನ್ನುವುದು ಅವರಿಗೆ ‘ತೊ-ಒ-ಕ್ಯೊ-ಒ’, ಒಟ್ಟು 4. ಹೈಕುವಿನ 5-7-5 ಅಂದರೂ ಇದೇ ಎಣಿಕೆ. ಇನ್ನು ‘ನಿಪ್ಪೊನ್’ ತೆಗೆದುಕೊಳ್ಳಿ. ಅವರ ಲೆಕ್ಕ ‘ನಿ-ಪ್-ಪೊ-ನ್’, ಅದೂ 4. ನಮ್ಮ ಛಂದಸ್ಸಿನ ಪ್ರಕಾರ ಹಾಕಿದರೆ ‘ನಿಪ್’ ಗುರು, ‘ಪೊನ್’ ಗುರು. ಎರಡೆರಡು ನಾಲ್ಕು ಮಾತ್ರೆ. ಸರಿಹೋಯಿತಲ್ವಾ!

ಇಲ್ಲಿ ತುಂಬಾ ಜನ ಗೊಂದಲ ಮಾಡಿಕೊಳ್ಳುತ್ತಾರೆ. ಗುರು ಬೇರೆ, ದೀರ್ಘ ಬೇರೆ. ‘ಕನ್ನಡ’ ಪದದಲ್ಲಿ ಮೊದಲ ಅಕ್ಷರ ಗುರು, ಉಳಿದೆರಡು ಲಘು. ಹಾಗಂತ ಅಲ್ಲಿನ ‘ಅ’ ದೀರ್ಘ ಆಗಿಲ್ಲ, ‘ಕಾನ್ನಡ’ ಅಂತ ಯಾರೂ ಅನ್ನುವುದಿಲ್ಲ. ಮುಂದಿನ ಒತ್ತಕ್ಷರದಿಂದ ಅದಕ್ಕೆ ತೂಕ ಬಂದಿದೆ, ಅಷ್ಟೇ. ದೀರ್ಘ ಅನ್ನುವುದು ಸ್ವರದ ಗುಣ, ಗುರು ಅನ್ನುವುದು ಇಡೀ ಅಕ್ಷರದ ತೂಕ. ಲ್ಯಾಟಿನ್ ಪದ್ಯದಲ್ಲೂ ಅರಬ್ಬಿ ಪದ್ಯದಲ್ಲೂ ಇದೇ ತರಹದ ತೂಕ ನಡೆಯುತ್ತದೆ.

ಫಿನ್ನಿಷ್ ಭಾಷೆಯಲ್ಲಿ ಬರಹ ತುಂಬಾ ಪ್ರಾಮಾಣಿಕ. ದೀರ್ಘ ಇದ್ದರೆ ಅಕ್ಷರವನ್ನು ಎರಡು ಸಲ ಬರೆಯುತ್ತಾರೆ. ‘ತುಲಿ’ ಬೆಂಕಿ, ‘ತೂಲಿ’ ಗಾಳಿ, ‘ತುಲ್ಲಿ’ ಸುಂಕದ ಕಟ್ಟೆ. ‘ತಪಾನ್’ ಅಂದರೆ ಭೇಟಿ ಮಾಡುತ್ತೇನೆ. ಅದನ್ನೇ ಮೊಟಕು ಮಾಡಿ ‘ತಪನ್’ ಅಂದರೆ ಕೊಲ್ಲುತ್ತೇನೆ! ಪಕ್ಕದ ಎಸ್ಟೋನಿಯನ್ ಭಾಷೆ ಇನ್ನೂ ಒಂದು ಹೆಜ್ಜೆ ಮುಂದೆ, ಅಲ್ಲಿ ಮೂರು ಉದ್ದಗಳಿವೆ. ‘ಕೊಲಿ’ ಅಂದರೆ ಹಳೆ ಸಾಮಾನು. ‘ಕೋಲಿ’ ಅಂದರೆ ಶಾಲೆಯ. ಇನ್ನೂ ಎಳೆದರೆ ‘ಶಾಲೆಗೆ’. ಕೊನೆಯ ಎರಡಕ್ಕೂ ಸ್ಪೆಲ್ಲಿಂಗ್ ಒಂದೇ.

ಅರಬ್ಬಿಯಲ್ಲಿ ‘ಕತಬ’ ಬರೆದನು, ‘ಕಾತಬ’ ಪತ್ರ ವ್ಯವಹಾರ ಮಾಡಿದನು. ದಿನಬಳಕೆಯ ಬರಹದಲ್ಲಿ ದೀರ್ಘಕ್ಕೆ ಅಕ್ಷರ ಇರುತ್ತದೆ, ಹ್ರಸ್ವವನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಲ್ಯಾಟಿನ್‌ನಲ್ಲಿ ‘ಮಲುಮ್’ ಕೆಟ್ಟದ್ದು, ‘ಮಾಲುಮ್’ ಸೇಬು. ರೋಮನ್ನರು ಎರಡನ್ನೂ ಸಾಮಾನ್ಯವಾಗಿ ಒಂದೇ ರೀತಿ ಬರೆಯುತ್ತಿದ್ದರು. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಟೈಪ್ ಮಾಡಿದಾಗ ‘ಕಡು’, ‘ಕಾಡು’ ಒಂದೇ ಆಗಿಬಿಡುತ್ತವಲ್ಲ, ಹಾಗೆ.

ಕನ್ನಡದವರು ನಿಜವಾಗಿ ಎಚ್ಚರ ವಹಿಸಬೇಕಾದದ್ದು ಇಂಗ್ಲಿಷಿನಲ್ಲಿ. ಶಾಲೆಯಲ್ಲಿ ‘ಲಾಂಗ್ ವವೆಲ್’, ‘ಶಾರ್ಟ್ ವವೆಲ್’ ಅಂತ ‘ಬೈಟ್’–‘ಬಿಟ್’ ಜೋಡಿ ಕಲಿಸುತ್ತಾರೆ. ಇವು ಈಗ ಹ್ರಸ್ವ–ದೀರ್ಘ ಅಲ್ಲವೇ ಅಲ್ಲ, ಬೇರೆ ಬೇರೆ ಸ್ವರಗಳು. ಆ ಹೆಸರು ಹಳೆಯ ಕಾಲದ್ದು. ಸುಮಾರು 1400ರಿಂದ 1700ರ ನಡುವೆ ಇಂಗ್ಲಿಷಿನ ದೀರ್ಘ ಸ್ವರಗಳು ಜಾಗ ಬದಲಿಸಿದವು. ‘ಟೀಮ’ ಅನ್ನುತ್ತಿದ್ದದ್ದು ‘ಟೈಮ್’ ಆಯಿತು, ‘ಹೂಸ್’ ಹೋಗಿ ‘ಹೌಸ್’ ಆಯಿತು. ಸ್ಪೆಲ್ಲಿಂಗ್ ಮಾತ್ರ ಹೆಚ್ಚುಕಡಿಮೆ ಅಲ್ಲೇ ಉಳಿಯಿತು.

‘ಶಿಪ್’–‘ಶೀಪ್’ ಕೂಡ ಬರೀ ಉದ್ದದ ಜೋಡಿ ಅಲ್ಲ. ‘ಶಿಪ್’ನಲ್ಲಿ ನಾಲಿಗೆ ನಮ್ಮ ‘ಇ’ಗಿಂತ ಸ್ವಲ್ಪ ಕೆಳಗೆ, ಸಡಿಲವಾಗಿ ಇರುತ್ತದೆ. ಇಂಗ್ಲಿಷ್ ಮಾತೃಭಾಷೆಯವರ ಕಿವಿ ಹಿಡಿಯುವುದು ಮುಖ್ಯವಾಗಿ ಅದನ್ನು. ಉದ್ದ ಅಲ್ಲಿ ಮುಂದಿನ ವ್ಯಂಜನದ ಮೇಲೂ ನಿಂತಿದೆ. ‘ಟ್’ ಮುಂದೆ ಬಂದರೆ ಸ್ವರ ಮೊಟಕು, ‘ಡ್’ ಬಂದರೆ ಉದ್ದ. ಹೀಗಾಗಿ ‘ಬೀಟ್’ಗಿಂತ ‘ಬೀಡ್’ನ ಸ್ವರ ಎದ್ದು ಕಾಣುವಷ್ಟು ಉದ್ದ. ‘ಬಿಡ್’ನ ಹ್ರಸ್ವ ಕೂಡ ಕೆಲವೊಮ್ಮೆ ‘ಬೀಟ್’ನ ದೀರ್ಘದ ಹತ್ತಿರಕ್ಕೆ ಬಂದುಬಿಡುತ್ತದೆ! ಬಿಟ್, ಬಿಡ್, ಬೀಟ್, ಬೀಡ್ ಈ ನಾಲ್ಕನ್ನೂ ಫೋನಿನಲ್ಲಿ ರೆಕಾರ್ಡ್ ಮಾಡಿ, ಆನ್‌ಲೈನ್ ನಿಘಂಟಿನ ಉಚ್ಚಾರಣೆ ಜತೆ ಒಂದೊಂದಾಗಿ ಹೋಲಿಸಿ. ಮೊದಲ ಸುತ್ತಿನಲ್ಲಿ ಉದ್ದದ ಕಡೆ ಗಮನ ಕೊಡಿ, ಎರಡನೇ ಸುತ್ತಿನಲ್ಲಿ ನಾಲಿಗೆಯ ಜಾಗದ ಕಡೆ.