ಫ್ಯಾಕ್ಟರಿ ಮುಚ್ಚಿದ ಮೇಲೆ ಏನೇನು ಉಳಿದಿದೆ, ಮೊದಲು ಅದನ್ನು ಎಣಿಸಿ

ನಗರದ ಹೊರವಲಯದಲ್ಲಿ ದೊಡ್ಡ ಕಂಪನಿಯೊಂದು ನೂರಾರು ಜನರನ್ನು ಒಟ್ಟಿಗೆ ಮನೆಗೆ ಕಳಿಸಿದಾಗ ನನ್ನಂಥ ಉದ್ಯೋಗ ಸಲಹೆಗಾರರಿಗೆ ಕರೆ ಬರುತ್ತದೆ. ಹೋದ ಕಡೆಯೆಲ್ಲ ಜನ ಮೊದಲು ಕೇಳುವುದು ಒಂದೇ: ಆ ಜಾಗಕ್ಕೆ ಇನ್ಯಾವ ಕಂಪನಿ ಬರುತ್ತೆ? ನಾನು ಇಲ್ಲಿ ಏನೇನು ಉಳಿದಿದೆ ಅಂತ ಕೇಳುತ್ತೇನೆ.

ಕಟ್ಟಡ ಇದೆ. ತ್ರೀ ಫೇಸ್ ಕರೆಂಟ್ ಇದೆ, ಲಾರಿ ತಿರುಗುವಷ್ಟು ಅಂಗಳ ಇದೆ, ಹತ್ತಿಪ್ಪತ್ತು ವರ್ಷ ಪಳಗಿದ ಕೈಗಳಿವೆ. ಜೊತೆಗೆ ಆ ಕಂಪನಿಗೆ ಬಿಡಿಭಾಗ ಮಾಡಿಕೊಡುತ್ತಿದ್ದ ಸಣ್ಣ ಸಣ್ಣ ವರ್ಕ್‌ಶಾಪ್‌ಗಳಿವೆ, ಅವುಗಳಿಗೆ ಬೇಗ ಬೇರೆ ಗಿರಾಕಿ ಸಿಗದಿದ್ದರೆ ಅಲ್ಲಿಯೂ ಜನ ಕೆಲಸ ಕಳೆದುಕೊಳ್ಳುತ್ತಾರೆ, ಆದರೆ ಆ ಸುದ್ದಿ ಎಲ್ಲೂ ಬರುವುದಿಲ್ಲ. ಹೊಸ ಕಂಪನಿ ಹುಡುಕುವ ಮೊದಲು ಈ ವರ್ಕ್‌ಶಾಪ್‌ಗಳನ್ನು ಉಳಿಸಿಕೊಳ್ಳಬೇಕು. ಇದರಲ್ಲಿ ನನಗೆ ಎರಡು ಮಾತಿಲ್ಲ.

ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬಟಾವಿಯಾ ಎಂಬ ಪುಟ್ಟ ನಗರದ ಕಥೆ ಕೇಳಿ. 1950ರ ದಶಕದಲ್ಲಿ ಅಲ್ಲಿದ್ದ ಕೃಷಿ ಯಂತ್ರಗಳ ದೊಡ್ಡ ಕಾರ್ಖಾನೆ ಮುಚ್ಚಿತು. ಮಾನ್ಕೂಸೊ ಎಂಬ ಸ್ಥಳೀಯ ಕುಟುಂಬ ಆ ಕಟ್ಟಡವನ್ನು ಕೊಂಡಿತು. ಅಷ್ಟು ದೊಡ್ಡ ಜಾಗವನ್ನು ಪೂರ್ತಿ ಬಾಡಿಗೆಗೆ ಹಿಡಿಯುವವರು ಯಾರೂ ಸಿಗಲಿಲ್ಲ. ಆಗ ಜೋಸೆಫ್ ಮಾನ್ಕೂಸೊ ಅದನ್ನು ತುಂಡು ತುಂಡು ಮಾಡಿ ಸಣ್ಣ ಉದ್ಯಮಗಳಿಗೆ ಕೊಟ್ಟರು. ಬರೀ ಜಾಗ ಕೊಟ್ಟು ಸುಮ್ಮನಾಗಲಿಲ್ಲ, ಆಫೀಸಿನ ಕೆಲಸಕ್ಕೆ ಹಂಚಿಕೊಂಡು ಬಳಸುವ ವ್ಯವಸ್ಥೆ ಮಾಡಿದರು, ವ್ಯವಹಾರದ ಸಲಹೆ ಕೊಟ್ಟರು, ಬಂಡವಾಳ ಹೊಂದಿಸಲು ನೆರವಾದರು. ಬಾಡಿಗೆಗೆ ಬಂದವರಲ್ಲಿ ಒಂದು ಕೋಳಿ ಕಂಪನಿಯೂ ಇತ್ತು. ಮರಿಗಳನ್ನು ನೋಡಿಯೇ ಆ ಜಾಗಕ್ಕೆ ‘ಇನ್‌ಕ್ಯುಬೇಟರ್’ (ಮೊಟ್ಟೆಗೆ ಕಾವು ಕೊಟ್ಟು ಮರಿ ಮಾಡುವ ಪೆಟ್ಟಿಗೆ) ಅನ್ನುವ ಹೆಸರು ಬಂತು. ಇವತ್ತು ಸ್ಟಾರ್ಟಪ್‌ನವರೆಲ್ಲ ಬಳಸುವ ಆ ಪದಕ್ಕೆ ಹೊಸ ಉದ್ಯಮಗಳನ್ನು ಬೆಳೆಸುವ ಜಾಗ ಅನ್ನುವ ಅರ್ಥ ಹುಟ್ಟಿದ್ದು 1959ರಲ್ಲಿ ಶುರುವಾದ ಈ ಕೇಂದ್ರದಲ್ಲಿ, ಮುಚ್ಚಿದ ಫ್ಯಾಕ್ಟರಿಯೊಳಗೆ!

ಹಾಗಾದರೆ ಎಲ್ಲ ಕಡೆ ಹೀಗೇ ಮಾಡಬಹುದಲ್ವಾ? ಹೊರವಲಯದಲ್ಲಿ ಎರಡು ತೊಡಕುಗಳಿವೆ. ಮೊದಲನೆಯದು ಭೂಬಳಕೆ ನಿಯಮ. ಇಂಥ ಬಡಾವಣೆಗಳನ್ನು ಜನ ವಾಸಕ್ಕೆಂದೇ ಯೋಜಿಸಿರುತ್ತಾರೆ, ಹಾಗಾಗಿ ಮನೆಯ ಗ್ಯಾರೇಜಿನಲ್ಲಿ ನಾಲ್ಕು ಹೊಲಿಗೆ ಯಂತ್ರ ಇಡುವುದಕ್ಕೂ ಅನುಮತಿ ಸಿಗದಿರಬಹುದು. ಎರಡನೆಯದು ಬಸ್ಸು. ಮಾರ್ಗಗಳೆಲ್ಲ ನಗರದ ಮಧ್ಯಕ್ಕೆ ಹೋಗುತ್ತವೆ, ಪಕ್ಕದ ಬಡಾವಣೆಗೆ ಹೋಗಬೇಕೆಂದರೂ ಒಳಗೆ ಹೋಗಿ ಮತ್ತೆ ಹೊರಗೆ ಬರಬೇಕು. ಮಕ್ಕಳನ್ನು ಶಾಲೆಯಿಂದ ಕರೆತರುವ ಹೊಣೆ ಇರುವ ಹೆಂಗಸಿಗೆ ಒಂದೂವರೆ ಗಂಟೆ ದೂರದ ಕೆಲಸ ಸಿಕ್ಕರೂ ಸಿಗದ ಹಾಗೇ. ಸಬ್ಸಿಡಿ ಬೇಡುವ ಮೊದಲು ಈ ಎರಡನ್ನು ಸರಿಮಾಡಿ ಅಂತ ಸ್ಥಳೀಯ ಆಡಳಿತದವರಿಗೆ ಹೇಳಿ ಹೇಳಿ ನನ್ನ ಗಂಟಲು ಒಣಗಿದೆ.

ತಡ ಮಾತ್ರ ಮಾಡಬೇಡಿ. 1930ರ ದಶಕದ ಆರಂಭದಲ್ಲಿ ಆಸ್ಟ್ರಿಯಾದ ವಿಯೆನ್ನಾ ಹತ್ತಿರದ ಮರಿಯೆಂಟಾಲ್‌ನಲ್ಲಿ ಬಟ್ಟೆ ಮಿಲ್ಲು ಮುಚ್ಚಿದ ಮೇಲೆ ಸಮಾಜ ವಿಜ್ಞಾನಿ ಮರೀ ಯಹೋಡಾ ಮತ್ತು ಅವರ ಜೊತೆಗಾರರು ಅಲ್ಲಿನ ಜನರ ಬದುಕನ್ನು ಹತ್ತಿರದಿಂದ ನೋಡಿದರು. ಕೈತುಂಬಾ ಸಮಯವಿದ್ದರೂ ಜನ ಗ್ರಂಥಾಲಯದಿಂದ ಪುಸ್ತಕ ತರುವುದು ಕಡಿಮೆಯಾಗಿತ್ತು. ಗಂಡಸರ ನಡಿಗೆಯೇ ನಿಧಾನವಾಗಿತ್ತು. ಕೆಲಸ ಹೋದವರ ಮನಸ್ಸು ಹಾಗೇ ಕುಸಿಯುತ್ತಾ ಹೋಗುತ್ತದೆ, ಅದನ್ನು ನಾನೂ ಕಣ್ಣಾರೆ ಕಂಡಿದ್ದೇನೆ.

ಅದಕ್ಕೇ ಮೊದಲ ವಾರದಲ್ಲೇ ಎಲ್ಲರನ್ನೂ ಒಟ್ಟಿಗೆ ಕೂರಿಸುತ್ತೇನೆ. ಹುದ್ದೆಯ ಹೆಸರು ಬೇಡ, ಕೈಯಿಂದ ಏನೇನು ಮಾಡಿದ್ದೀರಿ ಹೇಳಿ ಅನ್ನುತ್ತೇನೆ. ‘ಸೂಪರ್‌ವೈಸರ್’ ಅಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಮೂವತ್ತು ಜನರ ಪಾಳಿ ಹೊಂದಿಸುತ್ತಿದ್ದೆ, ಸ್ಟಾಕ್ ಲೆಕ್ಕ ಇಡುತ್ತಿದ್ದೆ, ಕೆಟ್ಟ ಮೋಟಾರು ಬಿಚ್ಚಿ ಸರಿಮಾಡುತ್ತಿದ್ದೆ ಅಂದಾಗ ಆಸ್ಪತ್ರೆ, ಗೋದಾಮು, ಲಿಫ್ಟ್ ರಿಪೇರಿಯ ಬಾಗಿಲು ತೆರೆಯುತ್ತದೆ.

ಸ್ವಂತ ಉದ್ಯಮ ಮಾಡುತ್ತೇನೆ ಅನ್ನುವವರಿಗೆ ಒಂದು ಮಾತು. ಸೆಟಲ್‌ಮೆಂಟ್ ಹಣ ಕೈಗೆ ಬಂದ ತಿಂಗಳೇ ಮೆಷಿನ್ ಕೊಳ್ಳಬೇಡಿ. ಮೊದಲ ಮೂರು ಆರ್ಡರ್ ಮುಗಿಸುವವರೆಗೆ ಬಾಡಿಗೆ ಮೆಷಿನ್‌ನಲ್ಲೇ ಕೆಲಸ ಮಾಡಿ. ಮನೆ ಖರ್ಚಿಗೆ ಆರು ತಿಂಗಳ ದುಡ್ಡನ್ನು ಬೇರೆ ಖಾತೆಯಲ್ಲಿ ಇಡಿ, ಅದನ್ನು ಉದ್ಯಮಕ್ಕೆ ಮುಟ್ಟಲೇಬೇಡಿ.