ಕೆಲಸ ಕೈ ಬದಲಿಸುವಲ್ಲಿ ಪ್ರಕ್ರಿಯೆ ಹುಟ್ಟಬೇಕು

ಹತ್ತು ಹನ್ನೆರಡು ಮಂದಿ ಒಂದೇ ಕೋಣೆಯಲ್ಲಿ ಕುಳಿತು ತಂತ್ರಾಂಶ ರೂಪಿಸುತ್ತಿರುವಷ್ಟು ಕಾಲ ಯಾರು ಏನನ್ನು ಯಾವಾಗ ಮಾಡಬೇಕೆಂಬುದನ್ನು ಬರೆದಿಡುವ ಅಗತ್ಯ ಯಾರಿಗೂ ಕಾಣುವುದಿಲ್ಲ. ತಂಡ ನಾಲ್ಕೈದು ಪಟ್ಟು ಬೆಳೆದು, ಕೆಲಸ ಬೇರೆ ಬೇರೆ ಗುಂಪುಗಳಿಗೆ ಹಂಚಿಹೋದ ಮೇಲೆ ತೊಂದರೆಯ ಲಕ್ಷಣಗಳು ಒಂದೊಂದಾಗಿ ತಲೆದೋರುತ್ತವೆ. ರಿಲೀಸ್ (ಹೊಸ ಆವೃತ್ತಿಯ ಬಿಡುಗಡೆ) ಮಾಡಲು ಬಲ್ಲವರು ಒಬ್ಬರೇ ಆಗಿರುತ್ತಾರೆ, ಅವರು ರಜೆಯಲ್ಲಿದ್ದರೆ ರಿಲೀಸ್ ಮುಂದಕ್ಕೆ ಹೋಗುತ್ತದೆ. ಟೆಸ್ಟಿಂಗ್ ತಂಡಕ್ಕೆ ಬಂದ, ಕೋಡ್‌ನಿಂದ ಸಿದ್ಧಪಡಿಸಿದ ಆವೃತ್ತಿಯಾದ ಬಿಲ್ಡ್‌ನಲ್ಲಿ ಏನು ಬದಲಾಗಿದೆ ಎಂದು ತಿಳಿಯಲು ಅರ್ಧ ದಿನ ವಿಚಾರಿಸಬೇಕಾಗುತ್ತದೆ. ಒಮ್ಮೆ ಸರಿಪಡಿಸಿದ ದೋಷ ಮತ್ತೊಂದು ಆವೃತ್ತಿಯಲ್ಲಿ ಮರಳಿ ಕಾಣಿಸಿಕೊಳ್ಳುತ್ತದೆ. ಆಗ ಆಡಳಿತ ವರ್ಗವು ‘ನಮಗೂ ಪ್ರೊಸೆಸ್ (ಕೆಲಸದ ಲಿಖಿತ ಪ್ರಕ್ರಿಯೆ) ಬೇಕು’ ಎಂದು ತೀರ್ಮಾನಿಸಿ ಆ ಹೊಣೆಯನ್ನು ಗುಣಮಟ್ಟ ವಿಭಾಗಕ್ಕೆ ಒಪ್ಪಿಸುತ್ತದೆ. ಕೆಲವು ತಿಂಗಳಲ್ಲಿ ಟೆಂಪ್ಲೇಟುಗಳು, ಚೆಕ್‌ಲಿಸ್ಟುಗಳು, ಮಾರ್ಗಸೂಚಿಗಳು ತುಂಬಿದ ದೊಡ್ಡ ಕಡತವೊಂದು ಸಿದ್ಧವಾಗುತ್ತದೆ. ಆಡಿಟ್‌ನ ಹಿಂದಿನ ವಾರವನ್ನು ಬಿಟ್ಟರೆ ಅದನ್ನು ಯಾರೂ ತೆರೆಯುವುದಿಲ್ಲ.

ಇದಕ್ಕೆ ಎಂಜಿನಿಯರುಗಳ ಅಶಿಸ್ತೇ ಕಾರಣ ಎನ್ನುವವರಿದ್ದಾರೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ಅಂಥ ಕಡತಗಳನ್ನು ಓದಿದಾಗ ಬಹುಪಾಲು ಕಾಣುವುದು ಯಾವುದೋ ಗುಣಮಟ್ಟ ಮಾನದಂಡದ ಅಧ್ಯಾಯಗಳ ಅನುಕ್ರಮವೇ ಹೊರತು ಆ ಸಂಸ್ಥೆಯಲ್ಲಿ ಕೆಲಸ ಸಾಗುವ ಅನುಕ್ರಮವಲ್ಲ. ಒಬ್ಬ ಪ್ರೋಗ್ರಾಮರ್ ತನ್ನ ಮೇಜಿನಲ್ಲಿ ಹೇಗೆ ಯೋಚಿಸಬೇಕು, ಎಷ್ಟು ಟಿಪ್ಪಣಿ ಬರೆಯಬೇಕು ಎಂಬುದಕ್ಕೆಲ್ಲ ಅವುಗಳಲ್ಲಿ ಪುಟಗಟ್ಟಲೆ ನಿಯಮಗಳಿರುತ್ತವೆ. ಆದರೆ ಆತನ ಕೆಲಸ ಮುಗಿದು ಇನ್ನೊಬ್ಬರ ಕೈಸೇರುವ ಗಳಿಗೆಯಲ್ಲಿ ಏನೇನು ಜೊತೆಗೆ ಹೋಗಬೇಕೆಂಬುದಕ್ಕೆ ಒಂದು ಸಾಲೂ ಇರುವುದಿಲ್ಲ. ನನ್ನ ಅನುಭವದಲ್ಲಿ ಪ್ರಕ್ರಿಯೆಯ ಅಗತ್ಯ ಅತಿ ಹೆಚ್ಚಾಗಿರುವುದು ಈ ಎರಡನೆಯ ಜಾಗದಲ್ಲಿ. ಗ್ರಾಹಕರ ಬೇಡಿಕೆ ವಿನ್ಯಾಸಕಾರರಿಗೆ ಬರುವಲ್ಲಿ, ಕೋಡ್ ಪರಿಶೀಲಕರಿಗೆ ಹೋಗುವಲ್ಲಿ, ಬಿಲ್ಡ್ ಟೆಸ್ಟಿಂಗ್‌ಗೆ ಹೋಗುವಲ್ಲಿ, ಪರೀಕ್ಷಿತ ಆವೃತ್ತಿ ಸರ್ವರ್ ಏರುವಲ್ಲಿ, ಗ್ರಾಹಕರ ದೂರು ಮರಳಿ ಡೆವಲಪರ್ ಬಳಿ ಬರುವಲ್ಲಿ ಮಾಹಿತಿ ಸೋರಿಹೋಗುತ್ತದೆ, ಹೊಣೆ ಮಸುಕಾಗುತ್ತದೆ. ಒಬ್ಬರ ಕೈಯೊಳಗೇ ಇರುವಷ್ಟು ಹೊತ್ತು ಕೆಲಸವನ್ನು ಅವರ ಕೌಶಲಕ್ಕೆ ಬಿಡಬಹುದು.

ಇಂಥ ಪ್ರತಿ ಜಾಗಕ್ಕೂ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಂಡರೆ ಪ್ರಕ್ರಿಯೆಯ ಅಸ್ಥಿಪಂಜರ ಸಿಗುತ್ತದೆ. ಈ ಕೆಲಸವನ್ನು ಕೈಗೆತ್ತಿಕೊಳ್ಳಲು ಮೊದಲೇ ಏನೇನು ಸಿದ್ಧವಿರಬೇಕು? ಇಲ್ಲಿ ಮಾಡುವ ಕೆಲಸವೇನು? ಅದು ಸರಿಯಾಗಿದೆ ಎಂದು ಯಾರು, ಹೇಗೆ ನೋಡುತ್ತಾರೆ? ಮುಂದಿನವರಿಗೆ ಒಪ್ಪಿಸುವ ಮುನ್ನ ಯಾವ ಸ್ಥಿತಿ ತಲುಪಿರಬೇಕು? 1980ರ ದಶಕದಲ್ಲಿ ಐಬಿಎಂನಲ್ಲಿ ರೂಪುಗೊಂಡ ಈ ಚೌಕಟ್ಟು ಇಂದಿಗೂ ಹಳತಾಗಿಲ್ಲ. ಉತ್ತರಗಳನ್ನು ಎಷ್ಟು ನಿಖರವಾಗಿ ಬರೆಯುತ್ತೇವೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ‘ಸಾಕಷ್ಟು ಪರೀಕ್ಷಿಸಿದ ಬಿಲ್ಡ್ ಕೊಡಬೇಕು’ ಎಂಬ ವಾಕ್ಯ ಯಾರನ್ನೂ ಯಾವುದಕ್ಕೂ ಬದ್ಧರನ್ನಾಗಿಸುವುದಿಲ್ಲ. ‘ಯೂನಿಟ್ ಟೆಸ್ಟುಗಳೆಲ್ಲ (ಕೋಡ್‌ನ ಸಣ್ಣ ಸಣ್ಣ ಭಾಗಗಳ ಪರೀಕ್ಷೆಗಳು) ಪಾಸಾಗಿರಬೇಕು, ಬದಲಾದ ಟಿಕೆಟ್‌ಗಳ (ದಾಖಲಾದ ಒಂದೊಂದು ಕೆಲಸ ಅಥವಾ ದೂರಿನ) ಪಟ್ಟಿ ಮತ್ತು ಇನ್ನೂ ಉಳಿದಿರುವ ದೋಷಗಳ ಪಟ್ಟಿ ಬಿಲ್ಡ್ ಸಂಖ್ಯೆಯ ಜೊತೆಗಿರಬೇಕು, ಇಲ್ಲದಿದ್ದರೆ ಟೆಸ್ಟಿಂಗ್ ತಂಡ ಅದನ್ನು ಮರಳಿಸಬಹುದು’ ಎಂದು ಬರೆದಾಗ ಮಾತ್ರ ಎರಡೂ ಕಡೆಯವರಿಗೆ ತಮ್ಮ ಗೆರೆ ಎಲ್ಲಿದೆ ಎಂದು ತಿಳಿಯುತ್ತದೆ. ಈ ‘ಮರಳಿಸಬಹುದು’ ಎಂಬ ಅಧಿಕಾರವನ್ನು ಬರೆಯಲು ಅನೇಕ ಸಂಸ್ಥೆಗಳು ಹಿಂಜರಿಯುತ್ತವೆ, ಆದರೆ ಅದಿಲ್ಲದ ನಿಯಮ ಬರೀ ವಿನಂತಿಯಾಗಿ ಉಳಿಯುತ್ತದೆ.

ಕೈ ಬದಲಿಸುವ ಜಾಗವನ್ನು ನೆನಪಿನ ಮೇಲೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಷೇರು ವಹಿವಾಟು ಸಂಸ್ಥೆ ನೈಟ್ ಕ್ಯಾಪಿಟಲ್‌ನ ಪ್ರಕರಣಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಗೊತ್ತಿಲ್ಲ. 2012ರ ಜುಲೈ ಕೊನೆಯಲ್ಲಿ ಆ ಸಂಸ್ಥೆ ಹೊಸ ಕೋಡ್ ಅನ್ನು ತನ್ನ 8 ಸರ್ವರ್‌ಗಳಿಗೆ ಹಂತಹಂತವಾಗಿ ಏರಿಸಿತು. ಒಂದು ಸರ್ವರ್‌ಗೆ ಅದನ್ನು ನಕಲಿಸುವುದು ತಂತ್ರಜ್ಞರೊಬ್ಬರಿಂದ ತಪ್ಪಿಹೋಯಿತು. ಆ ಸರ್ವರ್‌ನಲ್ಲಿ 2003ರಿಂದ ಬಳಕೆಯಲ್ಲಿಲ್ಲದ ಹಳೆಯ ಕೋಡ್ ಹಾಗೆಯೇ ಉಳಿದಿತ್ತು, ಮತ್ತು ಹೊಸ ಸೌಲಭ್ಯವನ್ನು ಚಾಲೂ ಮಾಡಲು ಅದೇ ಹಳೆಯ ಕೋಡ್‌ನ ಸ್ವಿಚ್ಚನ್ನು ಮರುಬಳಸಲಾಗಿತ್ತು. ಆಗಸ್ಟ್ 1ರಂದು ಮಾರುಕಟ್ಟೆ ತೆರೆದೊಡನೆ ಆ ಹಳೆಯ ಕೋಡ್ ಚಾಲೂ ಆಗಿ ಆ ಒಂದು ಸರ್ವರ್ ಷೇರು ಆದೇಶಗಳನ್ನು ಎಡೆಬಿಡದೆ ಕಳುಹಿಸತೊಡಗಿ, ಸುಮಾರು 45 ನಿಮಿಷಗಳಲ್ಲಿ 40 ಲಕ್ಷಕ್ಕೂ ಹೆಚ್ಚು ವಹಿವಾಟುಗಳು ನಡೆದುಹೋದವು. ನಷ್ಟ 46 ಕೋಟಿ ಡಾಲರ್ ದಾಟಿತು. ಮಾರುಕಟ್ಟೆ ತೆರೆಯುವ ಮೊದಲೇ ವ್ಯವಸ್ಥೆಯು ದೋಷವನ್ನು ಸೂಚಿಸುವ 97 ಇಮೇಲ್‌ಗಳನ್ನು ಸಿಬ್ಬಂದಿಗೆ ಕಳುಹಿಸಿತ್ತು, ಆದರೆ ಅಂಥ ಇಮೇಲ್‌ಗಳನ್ನು ಎಚ್ಚರಿಕೆಗಳೆಂದು ಪರಿಗಣಿಸುವ ರೂಢಿ ಅಲ್ಲಿರಲಿಲ್ಲ. ಮುಂದಿನ ವರ್ಷ 1.2 ಕೋಟಿ ಡಾಲರ್ ದಂಡ ವಿಧಿಸಿದ ಅಮೆರಿಕದ ಷೇರುಪೇಟೆ ನಿಯಂತ್ರಕ ಸಂಸ್ಥೆಯು, ಡಿಪ್ಲಾಯ್‌ಮೆಂಟನ್ನು (ಕೋಡ್ ಅನ್ನು ಸರ್ವರ್‌ಗಳಿಗೆ ಏರಿಸಿದ್ದನ್ನು) ಎರಡನೆಯ ತಂತ್ರಜ್ಞರೊಬ್ಬರು ಪರಿಶೀಲಿಸಬೇಕೆಂಬ ಲಿಖಿತ ವಿಧಾನವೇ ಅಲ್ಲಿರಲಿಲ್ಲ ಎಂದು ತನ್ನ ಆದೇಶದಲ್ಲಿ ದಾಖಲಿಸಿತು. ಎಂಟೂ ಸರ್ವರ್‌ಗಳಲ್ಲಿ ಒಂದೇ ಆವೃತ್ತಿ ಇದೆಯೇ ಎಂದು ನೋಡುವ ಒಂದು ಸಾಲು, ಅದನ್ನು ನೋಡಲು ಇನ್ನೊಂದು ಜೊತೆ ಕಣ್ಣು ಇಷ್ಟೇ ಅಲ್ಲಿ ಬೇಕಾಗಿತ್ತು. ಆ ತಂತ್ರಜ್ಞರ ಮೇಲೆ ದೋಷ ಹೊರಿಸುವುದರಿಂದ ಏನೂ ಸಾಧಿಸಿದಂತಾಗುವುದಿಲ್ಲ, ಏಕೆಂದರೆ ಮರೆವು ಯಾವ ಮನುಷ್ಯನಿಗೂ ತಪ್ಪಿದ್ದಲ್ಲ.

ಹಾಗಾದರೆ ಪ್ರಕ್ರಿಯೆಯನ್ನು ಬರೆಯುವ ಕೆಲಸವನ್ನು ಎಲ್ಲಿಂದ ಆರಂಭಿಸಬೇಕು? ಈಗಾಗಲೇ ನಡೆಯುತ್ತಿರುವ ಕೆಲಸದಿಂದ. ‘ನೀವು ರಿಲೀಸ್ ಹೇಗೆ ಮಾಡುತ್ತೀರಿ?’ ಎಂದು ಕೇಳಿದರೆ ಜನರು ಹೇಗೆ ಮಾಡಬೇಕೋ ಅದನ್ನು ವಿವರಿಸುತ್ತಾರೆ. ಅದರ ಬದಲು ಇತ್ತೀಚೆಗೆ ಮುಗಿದ ಕೆಲವು ಟಿಕೆಟ್‌ಗಳನ್ನು ಎದುರಿಗಿಟ್ಟುಕೊಂಡು ಪ್ರತಿಯೊಂದೂ ಯಾರಿಂದ ಯಾರಿಗೆ ಹೋಯಿತು, ಎಲ್ಲಿ ಎಷ್ಟು ದಿನ ಕಾದು ಕೂತಿತು, ಎಲ್ಲಿಂದ ಹಿಂದಕ್ಕೆ ಬಂತು ಎಂದು ಸಂಬಂಧಪಟ್ಟವರೊಂದಿಗೆ ಹೆಜ್ಜೆ ಹೆಜ್ಜೆಯಾಗಿ ಪತ್ತೆಹಚ್ಚಿದರೆ ನಿಜವಾದ ಚಿತ್ರ ಮೂಡುತ್ತದೆ. ಕೆಲಸಕ್ಕೆ ತಗುಲಿದ ಒಟ್ಟು ಕಾಲದಲ್ಲಿ ಹೆಚ್ಚಿನ ಪಾಲು ಕಾಯುವುದರಲ್ಲೇ ಕಳೆದಿರುತ್ತದೆ ಎಂಬುದು ಈ ಪತ್ತೇದಾರಿಕೆಯಲ್ಲಿ ಮತ್ತೆ ಮತ್ತೆ ಕಣ್ಣಿಗೆ ಬೀಳುವ ಸಂಗತಿ. ಒಬ್ಬ ಅನುಭವಿ ಎಂಜಿನಿಯರ್ ಯಾರೂ ಹೇಳದೆಯೇ ಪಾಲಿಸಿಕೊಂಡು ಬಂದ ಒಳ್ಳೆಯ ರೂಢಿಗಳೂ ಇಲ್ಲಿಯೇ ಬೆಳಕಿಗೆ ಬರುತ್ತವೆ, ಅಂಥವನ್ನು ಮೊದಲು ಬರೆದಿಡಬೇಕು. ಬರೆಯುವವರು ಆ ಕೆಲಸ ಮಾಡುವವರೇ ಆಗಿರಬೇಕು, ಗುಣಮಟ್ಟ ವಿಭಾಗದವರ ಪಾತ್ರ ಪ್ರಶ್ನೆ ಕೇಳುವುದಕ್ಕೆ ಮತ್ತು ಭಾಷೆ ತಿದ್ದುವುದಕ್ಕೆ ಸೀಮಿತವಾಗಿರಲಿ. ಒಂದು ಪ್ರಕ್ರಿಯೆ ಒಂದೆರಡು ಪುಟ ಮೀರಿದರೆ ಅದರೊಳಗೆ ಎರಡು ಪ್ರಕ್ರಿಯೆಗಳು ಬೆರೆತಿವೆ ಎಂದೇ ನಾನು ಸಂಶಯಿಸುತ್ತೇನೆ.

ಮಾನದಂಡಗಳ ವಿಚಾರವನ್ನೂ ಇಲ್ಲಿ ಹೇಳಬೇಕು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಾಫ್ಟ್‌ವೇರ್ ಎಂಜಿನಿಯರಿಂಗ್ ಇನ್‌ಸ್ಟಿಟ್ಯೂಟ್‌ನಲ್ಲಿ ವಾಟ್ಸ್ ಹಂಫ್ರಿ ಅವರ ಚಿಂತನೆಯಿಂದ ಬೆಳೆದು 1991ರಲ್ಲಿ ಮೊದಲ ಆವೃತ್ತಿ ಕಂಡ ಸಿಎಂಎಂ (ಸಂಸ್ಥೆಯ ಪ್ರಕ್ರಿಯೆಗಳು ಎಷ್ಟು ಪಕ್ವವಾಗಿವೆ ಎಂದು ಅಳೆಯುವ) ಮಾದರಿ, ನಂತರ ಸಿಎಂಎಂಐ ಆಗಿ ವಿಸ್ತಾರಗೊಂಡಿತು. ಅದರ 5 ಹಂತಗಳ ಅನುಕ್ರಮದಲ್ಲಿ ವಿವೇಕವೊಂದಿದೆ: ಎರಡನೆಯ ಹಂತವು ಪ್ರತಿ ಪ್ರಾಜೆಕ್ಟ್ ತನ್ನ ಬೇಡಿಕೆ, ಯೋಜನೆ ಮತ್ತು ಬದಲಾವಣೆಗಳ ಮೇಲೆ ಹಿಡಿತ ಸಾಧಿಸಬೇಕೆನ್ನುತ್ತದೆ, ಇಡೀ ಸಂಸ್ಥೆಗೆ ಅನ್ವಯಿಸುವ ಪ್ರಮಾಣಿತ ಪ್ರಕ್ರಿಯೆ ಬರುವುದು ಮೂರನೆಯ ಹಂತದಲ್ಲಿ. ಪ್ರಮಾಣಪತ್ರದ ಅವಸರದಲ್ಲಿ ಅನೇಕರು ಈ ಅನುಕ್ರಮವನ್ನು ತಿರುಗಿಸಿ, ಯಾವ ಪ್ರಾಜೆಕ್ಟ್‌ನಲ್ಲೂ ಇನ್ನೂ ನೆಲೆಯೂರದ ವಿಧಾನವನ್ನು ಇಡೀ ಸಂಸ್ಥೆಯ ನಿಯಮವೆಂದು ಘೋಷಿಸುತ್ತಾರೆ. ಇನ್ನೊಂದು ಕಡೆ, 2001ರಲ್ಲಿ 17 ಮಂದಿ ಸೇರಿ ಹೊರಡಿಸಿದ ಅಜೈಲ್ (ತಂತ್ರಾಂಶವನ್ನು ಸಣ್ಣ ಕಂತುಗಳಲ್ಲಿ ರೂಪಿಸುವ ವಿಧಾನ) ಪ್ರಣಾಳಿಕೆಯು ಪ್ರಕ್ರಿಯೆಗಿಂತ ವ್ಯಕ್ತಿಗಳಿಗೆ ಹೆಚ್ಚು ಮಹತ್ವ ಕೊಟ್ಟಿದ್ದನ್ನು ‘ಪ್ರಕ್ರಿಯೆಯೇ ಬೇಡ’ ಎಂದು ಓದಿಕೊಂಡವರೂ ಇದ್ದಾರೆ. ಆದರೆ ಅಜೈಲ್ ತಂಡಗಳು ಬಳಸುವ ಕಾರ್ಯವಿಧಾನವಾದ ಸ್ಕ್ರಮ್‌ನಲ್ಲಿ ಯಾರ ಹೊಣೆ ಏನು, ಯಾವ ಸಭೆ ಯಾವಾಗ, ಕೆಲಸ ಮುಗಿಯಿತೆಂದು ಯಾವಾಗ ಹೇಳಬಹುದು ಎಂಬುದೆಲ್ಲ ಬಿಗಿಯಾಗಿಯೇ ಇದೆ.

ಬರೆದದ್ದನ್ನು ಜಾರಿಗೆ ತರುವುದು ಬರೆಯುವುದಕ್ಕಿಂತ ದೀರ್ಘ ಕಾಲದ ಕೆಲಸ. ಮೊದಲು ಒಂದೇ ಪ್ರಾಜೆಕ್ಟ್‌ನಲ್ಲಿ ಎರಡು ಮೂರು ರಿಲೀಸ್‌ಗಳ ಮಟ್ಟಿಗೆ ಪ್ರಯೋಗಿಸಿ ನೋಡಬೇಕು. ಆ ಪ್ರಾಜೆಕ್ಟ್ ಅತ್ಯಂತ ಸುಲಭದ್ದಾಗಿರಬಾರದು, ಗಡುವು ಮೀರಿ ಒದ್ದಾಡುತ್ತಿರುವುದೂ ಆಗಿರಬಾರದು. ಯಂತ್ರ ಮಾಡಬಹುದಾದ ತಪಾಸಣೆಯನ್ನು ಮನುಷ್ಯರ ನೆನಪಿಗೆ ಬಿಡಬಾರದು ಎಂಬುದು ನನ್ನ ದೃಢ ಅಭಿಪ್ರಾಯ. ಇನ್ನೊಬ್ಬರ ಒಪ್ಪಿಗೆಯಿಲ್ಲದೆ ಕೋಡ್ ಮುಖ್ಯ ಶಾಖೆಗೆ (ಎಲ್ಲರೂ ಬಳಸುವ ಮೂಲ ಪ್ರತಿಗೆ) ಸೇರಬಾರದೆಂಬ ನಿಯಮವನ್ನು ಕಡತದಲ್ಲಿ ಬರೆಯುವ ಬದಲು ರೆಪಾಸಿಟರಿಯ (ಕೋಡ್ ಭಂಡಾರದ) ಸೆಟ್ಟಿಂಗ್‌ನಲ್ಲೇ ಹಾಕಿಟ್ಟರೆ, ಆ ಕುರಿತು ಯಾರೂ ಯಾರಿಗೂ ಮತ್ತೆ ನೆನಪಿಸಬೇಕಾಗಿಲ್ಲ. ಆದರೆ ಇದೇ ಉಪಾಯವನ್ನು ಅತಿಯಾಗಿ ಬಳಸಿ ಪ್ರತಿ ಟಿಕೆಟ್‌ಗೂ ಇಪ್ಪತ್ತು ಕಡ್ಡಾಯ ಅಂಕಣಗಳನ್ನು ಸೇರಿಸಿದರೆ ಜನರು ಅವುಗಳಲ್ಲಿ ಚುಕ್ಕಿಯಿಟ್ಟು ಮುಂದೆ ಸಾಗುತ್ತಾರೆ. ಚುಕ್ಕಿಗಳು ಕಾಣತೊಡಗಿದ ದಿನವೇ ಆ ಅಂಕಣವನ್ನು ತೆಗೆದುಹಾಕಬೇಕು.

ಅಪವಾದದ ದಾರಿಯನ್ನೂ ಪ್ರಕ್ರಿಯೆಯ ಒಳಗೇ ಬರೆದಿರಬೇಕು. ನಡುರಾತ್ರಿ ವ್ಯವಸ್ಥೆ ಕುಸಿದಾಗ ಮೂರು ಹಂತದ ಅನುಮೋದನೆಗೆ ಕಾಯಲು ಯಾರಿಂದಲೂ ಆಗದು. ತುರ್ತಿನಲ್ಲಿ ಯಾರು ಫೋನಿನಲ್ಲೇ ಒಪ್ಪಿಗೆ ಕೊಡಬಹುದು, ಯಾವ ಪರಿಶೀಲನೆಯನ್ನು ಮುಂದೂಡಬಹುದು, ಯಾವುದನ್ನು ಎಂದಿಗೂ ಬಿಡುವಂತಿಲ್ಲ, ಮರುದಿನ ಏನನ್ನು ದಾಖಲಿಸಬೇಕು ಎಂಬುದು ಮೊದಲೇ ಗೊತ್ತಿದ್ದರೆ ನಿಯಮ ಮುರಿಯದೆಯೇ ಕೆಲಸ ಸಾಗುತ್ತದೆ. ಇಂಥ ದಾರಿ ಇಲ್ಲದಿದ್ದರೆ ಜನರು ನಿಯಮವನ್ನು ಮುರಿಯುವುದಷ್ಟೇ ಅಲ್ಲ, ಮುರಿದದ್ದನ್ನು ಮುಚ್ಚಿಡುವುದನ್ನೂ ಕಲಿಯುತ್ತಾರೆ.

ಒಡೆತನದ ಪ್ರಶ್ನೆ ಇವೆಲ್ಲಕ್ಕಿಂತ ಗಂಭೀರವಾದುದು. 2017ರ ಜನವರಿ 31ರಂದು ಕೋಡ್ ಸಂಗ್ರಹ ಸೇವೆ ನೀಡುವ ಗಿಟ್‌ಲ್ಯಾಬ್ ಸಂಸ್ಥೆಯ ಎಂಜಿನಿಯರೊಬ್ಬರು ಮುಖ್ಯ ಡೇಟಾಬೇಸ್‌ನ ದತ್ತಾಂಶವನ್ನು ಕೈತಪ್ಪಿ ಅಳಿಸಿದರು. ಬ್ಯಾಕಪ್‌ಗೆ ಹಲವು ವ್ಯವಸ್ಥೆಗಳಿದ್ದವು, ಆದರೆ ಬೇಕಾದ ಹೊತ್ತಿಗೆ ಅವು ಕೈಕೊಟ್ಟವು. ದಿನನಿತ್ಯದ ಬ್ಯಾಕಪ್ ವಿಫಲವಾಗುತ್ತಿದ್ದರೂ ಅದನ್ನು ತಿಳಿಸಬೇಕಾದ ಇಮೇಲ್‌ಗಳು ತಿರಸ್ಕೃತವಾಗಿ ಯಾರನ್ನೂ ತಲುಪಿರಲಿಲ್ಲ. ಕೊನೆಗೆ ಒಬ್ಬ ಎಂಜಿನಿಯರ್ ಬೇರೆ ಕೆಲಸಕ್ಕಾಗಿ ಸುಮಾರು 6 ಗಂಟೆ ಮೊದಲು ತೆಗೆದಿಟ್ಟಿದ್ದ ಪ್ರತಿಯಿಂದ ಡೇಟಾಬೇಸನ್ನು ಪುನಃಸ್ಥಾಪಿಸಬೇಕಾಯಿತು, ನಡುವಿನ ದತ್ತಾಂಶ ಕಳೆದುಹೋಯಿತು. ಬ್ಯಾಕಪ್ ವಿಧಾನವನ್ನು ನಿಯತವಾಗಿ ಪರೀಕ್ಷಿಸದಿರಲು ಅದಕ್ಕೊಬ್ಬ ಹೊಣೆಗಾರರಿಲ್ಲದ್ದೇ ಕಾರಣ ಎಂದು ಆ ಸಂಸ್ಥೆ ತನ್ನ ವಿಶ್ಲೇಷಣೆಯನ್ನು ಬಹಿರಂಗವಾಗಿ ಪ್ರಕಟಿಸಿತು. ಆ ಪ್ರಾಮಾಣಿಕತೆಯನ್ನು ನಾನು ಗೌರವಿಸುತ್ತೇನೆ. ಪ್ರತಿ ಪ್ರಕ್ರಿಯೆಗೂ ಹುದ್ದೆಯ ಹೆಸರಿನಲ್ಲಿ ಒಬ್ಬ ಒಡೆಯರಿರಬೇಕು. ಅದು ಇನ್ನೂ ಕೆಲಸ ಮಾಡುತ್ತಿದೆಯೇ ಎಂದು ನಿಗದಿತ ಅವಧಿಗೊಮ್ಮೆ ನಿಜವಾಗಿ ಮಾಡಿ ನೋಡುವುದು ಅವರ ಕರ್ತವ್ಯದ ಪಟ್ಟಿಯಲ್ಲಿರಬೇಕು.

ಅಳತೆಯ ವಿಷಯದಲ್ಲಿ ಸಂಯಮ ಒಳ್ಳೆಯದು. ಶೇಕಡಾ ಎಷ್ಟು ಚೆಕ್‌ಲಿಸ್ಟುಗಳು ಭರ್ತಿಯಾದವು ಎಂಬ ಲೆಕ್ಕ ಭರ್ತಿ ಮಾಡುವ ಉತ್ಸಾಹವನ್ನಷ್ಟೇ ಅಳೆಯುತ್ತದೆ. ಕೈ ಬದಲಿಸುವ ಪ್ರತಿ ಜಾಗದಿಂದ ಎಷ್ಟು ಕೆಲಸಗಳು ಮರಳಿ ಬಂದವು, ಎಷ್ಟು ದಿನ ಕಾದವು, ಗ್ರಾಹಕರನ್ನು ತಲುಪಿದ ದೋಷಗಳಲ್ಲಿ ಎಷ್ಟನ್ನು ಮೊದಲೇ ಹಿಡಿಯಬಹುದಿತ್ತು ಎಂಬ ಮೂರು ಅಂಕಿಗಳು ಆರಂಭಕ್ಕೆ ಸಾಕು. ಐಬಿಎಂನ ಮೈಕೆಲ್ ಫೇಗನ್ 1976ರಲ್ಲಿ ಕೋಡ್ ಪರಿಶೀಲನೆಯ ವಿಧಾನವನ್ನು ವಿವರವಾಗಿ ಪ್ರಕಟಿಸಿದ ದಿನಗಳಿಂದಲೂ ಈ ವೃತ್ತಿಯಲ್ಲಿರುವವರು ಕಂಡುಕೊಂಡ ಸಂಗತಿಯೆಂದರೆ, ಪರಿಶೀಲನೆಯಲ್ಲಿ ಸಿಕ್ಕ ದೋಷಗಳ ಸಂಖ್ಯೆ ಕೋಡ್ ಬರೆದವರ ವಾರ್ಷಿಕ ಮೌಲ್ಯಮಾಪನಕ್ಕೆ ಬಳಕೆಯಾದರೆ ದೋಷಗಳು ಸಿಗುವುದೇ ನಿಲ್ಲುತ್ತದೆ.

ಕೊನೆಯದಾಗಿ, ನಿಯಮಗಳನ್ನು ತೆಗೆಯುವ ವಿಧಾನ. ಪ್ರತಿ ಅವಘಡದ ನಂತರ ಒಂದು ಹೊಸ ಹಂತ ಸೇರುತ್ತದೆ, ಯಾವುದನ್ನೂ ಯಾರೂ ತೆಗೆಯುವುದಿಲ್ಲ. ಅದು ಏಕೆ ಬಂತೆಂದು ಯಾರಿಗೂ ನೆನಪಿಲ್ಲದ ಕಾರಣ ತೆಗೆಯಲು ಧೈರ್ಯ ಬರುವುದಿಲ್ಲ. ಆದ್ದರಿಂದ ಪ್ರತಿ ಹಂತದ ಪಕ್ಕದಲ್ಲಿ ಅದು ಯಾವ ತೊಂದರೆಯನ್ನು ತಡೆಯಲು ಸೇರಿತು, ಯಾವಾಗ ಸೇರಿತು ಎಂಬ ಒಂದು ಸಾಲನ್ನು ಬರೆದಿಡಿ. ವರ್ಷಕ್ಕೊಮ್ಮೆ ಒಡೆಯರು ಮತ್ತು ಕೆಲಸ ಮಾಡುವವರು ಒಟ್ಟಿಗೆ ಕುಳಿತು ಆ ಸಾಲುಗಳನ್ನು ಓದಲಿ. ತೊಂದರೆಯ ಮೂಲವೇ ಈಗ ಇಲ್ಲದಿದ್ದರೆ ಅಥವಾ ಯಂತ್ರವೇ ಅದನ್ನು ತಡೆಯುತ್ತಿದ್ದರೆ ಆ ಹಂತವನ್ನು ಅಳಿಸಿ, ಅಳಿಸಿದ್ದರ ಕಾರಣವನ್ನೂ ದಾಖಲಿಸಿ, ಬದಲಾದ ಪುಟವನ್ನು ಅದೇ ದಿನ ಎಲ್ಲ ತಂಡಗಳಿಗೂ ತಲುಪಿಸಲಿ.